ಸಂಗೀತ ಓದೋಕೆ ಎಲ್ಲಿಗೆ ಸೇರೋದು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳಿಗೆ ಒಂದು ಹೋಲಿಕೆ

ಪಿಯುಸಿ ರಿಸಲ್ಟ್ ಬಂದ ಮೇಲೆ ತುಮಕೂರಿನ ನಮ್ಮ ಮನೆಗೆ ಬರುವ ತಂದೆ ತಾಯಂದಿರು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಷ್ಟ್ರೇ, ಮಗಳು ಸಂಗೀತಾನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಯಾವ ಕಾಲೇಜು ಒಳ್ಳೇದು?" ನಾನು ಪಿಟೀಲು ಪಾಠ ಹೇಳುವವನು, ಕಾಲೇಜುಗಳ ಏಜೆಂಟ್ ಅಲ್ಲ. ಹಾಗಾಗಿ ಉತ್ತರ ಕಾಲೇಜಿನ ಹೆಸರಿನಿಂದ ಶುರುವಾಗುವುದಿಲ್ಲ. ಅಲ್ಲಿ ಸೇರಿದ ಮೇಲೆ ದಿನಕ್ಕೆ ಎಷ್ಟು ಹೊತ್ತು ಸಾಧಕ (ಸಂಗೀತದ ಅಭ್ಯಾಸ) ಮಾಡೋಕಾಗುತ್ತೆ, ಅದನ್ನು ಕೇಳಿ ತಿದ್ದುವವರು ಯಾರು, ಇವೆರಡನ್ನು ಮೊದಲು ಲೆಕ್ಕ ಹಾಕಿ ಅನ್ನುತ್ತೇನೆ. ಸರ್ಟಿಫಿಕೇಟು, ಫೀಸು, ಹೆಸರು ಎಲ್ಲ ಆಮೇಲೆ.

ನಮ್ಮ ಮೂರು ಊರಿಗೂ ಈ ಲೆಕ್ಕ ಸ್ವಲ್ಪ ಜಾಸ್ತಿಯೇ ಮುಖ್ಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿಗೆ ಸುಮಾರು 60ರಿಂದ 70 ಕಿಲೋಮೀಟರ್. ದಿನಾ ಹೋಗಿ ಬರಬಹುದು ಅನ್ನಿಸುವಷ್ಟು ಹತ್ತಿರ. ಹೋಗಿ ಬಂದ ಮೇಲೆ ಕೈಯಲ್ಲಿ ಏನೂ ಉಳಿಯದಷ್ಟು ದೂರ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ಹುಡುಗ ಊಟ ಮಾಡಿ ಮಲಗುತ್ತಾನೆ, ಅಷ್ಟೇ. ಅವನ ವೀಣೆ ಗವಸಿನಲ್ಲೇ ಇರುತ್ತದೆ. ದೊಡ್ಡ ಹೆಸರಿನ ಕಾಲೇಜಿಗೆ ಸೇರಿ ಸಾಧಕ ಬಿಟ್ಟವರಿದ್ದಾರೆ. ಊರಿನ ಸಾಧಾರಣ ಕಾಲೇಜಿನಲ್ಲಿ ಬಿ.ಕಾಂ ಓದುತ್ತಾ ಚೆನ್ನಾಗಿ ಹಾಡುವವರೂ ಇದ್ದಾರೆ.

ಮೊದಲು ಒಂದು ಮಾತು ಮನೆಯಲ್ಲೇ ಇತ್ಯರ್ಥ ಆಗಬೇಕು. ಮಗ ಅಥವಾ ಮಗಳಿಗೆ ಬೇಕಿರುವುದು ಕಛೇರಿ ವೇದಿಕೆಯೋ, ಪಾಠ ಹೇಳುವ ಕೆಲಸವೋ, ಸ್ಟುಡಿಯೋ ಕೆಲಸವೋ? ಕಛೇರಿಗೆ ಡಿಗ್ರಿಯನ್ನು ಯಾರೂ ಕೇಳುವುದಿಲ್ಲ. ಆಕಾಶವಾಣಿಯ ಆಡಿಷನ್‌ನಲ್ಲಿ ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡು ಕೊಡುವುದೂ ಹಾಡಿದ್ದಕ್ಕೆ, ಓದಿದ್ದಕ್ಕಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕು ಅಂದರೆ ಮಾತೇ ಬೇರೆ. ಅಲ್ಲಿ ಎಂ.ಪಿ.ಎ (ಪ್ರದರ್ಶಕ ಕಲೆಗಳ ಸ್ನಾತಕೋತ್ತರ ಪದವಿ) ಅಥವಾ ಸಂಗೀತದ ಎಂ.ಎ ಬೇಕು, ಅದರ ಮೇಲೆ ಸಂಗೀತ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಈ ಎರಡನ್ನು ಬೆರೆಸಿ ಯೋಚಿಸಿದರೆ ತಲೆ ಕೆಡುತ್ತದೆ.

ಊರಲ್ಲೇ ಡಿಗ್ರಿ, ಜೊತೆಗೆ ಗುರು

ಇದನ್ನು ಜನ ಒಂದು ದಾರಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಸುಮಾರು ಜನಕ್ಕೆ ಇದೇ ಸರಿ ಅನ್ನಿಸುತ್ತದೆ. ತುಮಕೂರಿನವರಾದರೆ ತುಮಕೂರು ವಿಶ್ವವಿದ್ಯಾಲಯದ ಕಾಲೇಜು, ಕೋಲಾರ, ಚಿಕ್ಕಬಳ್ಳಾಪುರದವರಾದರೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜು. ಬಿ.ಎ, ಬಿ.ಕಾಂ, ಏನಾದರೂ ಸರಿ. ಮನೆ ಊಟ, ನಡೆದು ಹೋಗುವ ಕಾಲೇಜು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಾಧಕಕ್ಕೆ ಸಿಗುತ್ತದೆ. ವಾರಕ್ಕೆ ಒಂದು ಅಥವಾ ಎರಡು ಸಲ ಗುರುಗಳ ಮನೆಗೆ ಹೋಗಿ ಪಾಠ ಹೇಳಿಸಿಕೊಳ್ಳುವುದು. ಗುರುಗಳು ಬೆಂಗಳೂರಿನಲ್ಲೇ ಇದ್ದರೂ ಭಾನುವಾರ ಒಂದು ದಿನ ಹೋಗಿ ಬರುವುದು ಯಾರಿಗೂ ಭಾರವಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ.

ಇದರ ಜೊತೆಗೆ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಅನ್ನುವ ಸಂಗೀತ ಪರೀಕ್ಷೆಗಳು. ಬಹಳ ವರ್ಷ ಇವನ್ನು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು. ಈಚೆಗೆ ಮೈಸೂರಿನ ಸಂಗೀತ ವಿಶ್ವವಿದ್ಯಾಲಯದ ಕೈಗೆ ಬಂದಿವೆ. ಹಾಗಾಗಿ ಹಳೇ ವಿದ್ಯಾರ್ಥಿಗಳು ಕೊಟ್ಟ ಅರ್ಜಿ ನಮೂನೆ, ಹಳೇ ಪಠ್ಯದ ಜೆರಾಕ್ಸ್ ಹಿಡಿದುಕೊಂಡು ಕೂರಬೇಡಿ. ಆ ವರ್ಷದ ಪ್ರಕಟಣೆ ನೋಡಿ. ಜೂನಿಯರ್‌ಗೆ ಸರಳೆ, ಜಂಟಿ, ಅಲಂಕಾರ, ಗೀತೆ ಅನ್ನುವ ಮೊದಲ ಪಾಠಗಳು ಗಟ್ಟಿ ಇರಬೇಕು. ಸೀನಿಯರ್‌ನಲ್ಲಿ ವರ್ಣ, ಕೃತಿಗಳ ಭಾರ ಹೆಚ್ಚು. ವಿದ್ವತ್‌ಗೆ ಬಂದರೆ ರಾಗಾಲಾಪನೆ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು), ಕಲ್ಪನಾಸ್ವರ ಅಂತ ನಿಮ್ಮದೇ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ಬೆಳೆಸುವ ಶಕ್ತಿ, ತೋರಿಸಬೇಕಾಗುತ್ತದೆ. ಇಲ್ಲಿ ಉರು ಹೊಡೆದವರು ಸಿಕ್ಕಿಬೀಳುತ್ತಾರೆ. ಯಾವುದೋ ಡಿಗ್ರಿ ಜೊತೆಗೆ ಸೀನಿಯರ್ ಅಥವಾ ವಿದ್ವತ್ ಆಗಿದ್ದವರನ್ನು ಎಂ.ಪಿ.ಎಗೆ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳೂ ಇವೆ. ಅಂದರೆ ಮೇಷ್ಟ್ರ ಕೆಲಸದ ಬಾಗಿಲು ಈ ದಾರಿಯಲ್ಲಿ ಮುಚ್ಚುವುದಿಲ್ಲ. ನೀವು ಸೇರಬೇಕು ಅಂದುಕೊಂಡ ಕಡೆಯ ಅರ್ಹತೆಯ ಸಾಲನ್ನು ಮಾತ್ರ ಈಗಲೇ ಓದಿಟ್ಟುಕೊಳ್ಳಿ, ಮೂರು ವರ್ಷ ಆದ ಮೇಲಲ್ಲ.

ಕೊರತೆಯೂ ದೊಡ್ಡದೇ. ಜೊತೆಗಾರರು ಇರುವುದಿಲ್ಲ. ಪಕ್ಕದಲ್ಲಿ ಮೃದಂಗ ನುಡಿಸುವ ಗೆಳೆಯ ಇಲ್ಲದೆ ಹಾಡಿದವರಿಗೆ ಲಯ ಯಾವಾಗಲೂ ಒಂದು ಭಯ. ಲಕ್ಷಣ (ಸಂಗೀತದ ಶಾಸ್ತ್ರ), ಇತಿಹಾಸ ಅಂತ ಯಾರೂ ಕೂರಿಸಿ ಹೇಳುವುದಿಲ್ಲ. ಗುರುವಿನ ದೌರ್ಬಲ್ಯವೇ ಶಿಷ್ಯನದ್ದೂ ಆಗುತ್ತದೆ, ಯಾಕಂದರೆ ಬೇರೆ ಕಿವಿ ಇಲ್ಲ. ಇದಕ್ಕೆ ಮದ್ದು ಅಂದರೆ ಬೇಕು ಅಂತಲೇ ಹೊರಗೆ ಹೋಗಿ ಕೇಳುವುದು, ಹಾಡುವುದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ 72 ಗಂಟೆ ಎಡೆಬಿಡದೆ ಸಂಗೀತೋತ್ಸವ ನಡೆಯುತ್ತದೆ ಅಲ್ವಾ? ದೊಡ್ಡ ವಿದ್ವಾಂಸರಿಂದ ಹಿಡಿದು ಹಳ್ಳಿಯ ಭಜನೆ ತಂಡದವರೆಗೆ ಒಂದೇ ವೇದಿಕೆ. ರಾತ್ರಿ ಎರಡು ಗಂಟೆಯ ಸರದಿಯಲ್ಲಿ ಹಾಡುವವರನ್ನೂ ಕೂತು ಕೇಳಿ. ಎಚ್ಚರವಿದ್ದವರು ಹತ್ತೇ ಜನವಾದರೂ ಅವರನ್ನು ಹಿಡಿದು ಕೂರಿಸುವುದು ಹೇಗೆ ಅನ್ನುವ ಪಾಠ ಯಾವ ಸಿಲಬಸ್‌ನಲ್ಲೂ ಇಲ್ಲ.

ಮೈಸೂರು

ಪೂರ್ತಿ ಸಂಗೀತವನ್ನೇ ಓದಬೇಕು, ಕರ್ನಾಟಕ ಸಂಗೀತವೇ ಬೇಕು, ಮನೆ ಬಿಟ್ಟು ಇರಲು ತಯಾರು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಮೈಸೂರು. ಅಲ್ಲಿ ಎರಡು ಬಾಗಿಲುಗಳಿವೆ. ಒಂದು ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು. ಇನ್ನೊಂದು ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಹೆಸರು ನೋಡಿ ಇದು ಹುಬ್ಬಳ್ಳಿಯಲ್ಲಿದೆ ಅಂದುಕೊಳ್ಳುವವರು ಬಹಳ. ಗಂಗೂಬಾಯಿ ಹುಬ್ಬಳ್ಳಿಯವರೇ, ಆದರೆ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಹುಬ್ಬಳ್ಳಿಯಲ್ಲಿ ಇರುವುದು ಅವರದೇ ಹೆಸರಿನ ಗುರುಕುಲ. ಅದು ಬೇರೆ ಸಂಸ್ಥೆ, ಅಲ್ಲಿ ಹೇಳಿಕೊಡುವುದು ಹಿಂದೂಸ್ತಾನಿ. ಅರ್ಜಿ ಹಾಕುವಾಗ ಊರಿನ ಹೆಸರು ನೋಡಿಕೊಳ್ಳಿ.

ಮೈಸೂರಿನ ಲಾಭ ಏನು ಅಂದರೆ ಊರು ಚಿಕ್ಕದು. ಹಾಸ್ಟೆಲ್ಲಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಕಛೇರಿ ನಡೆಯುವ ಸಂಗೀತ ಸಭೆಗೆ ಹೋಗುವುದರಲ್ಲಿ ದಿನ ಕಳೆದು ಹೋಗುವುದಿಲ್ಲ. ಪಕ್ಕದ ರೂಮಿನವರೂ ಸಾಧಕ ಮಾಡುವವರೇ ಆದ್ದರಿಂದ ಸೋಮಾರಿಗೂ ನಾಚಿಕೆಯಾಗಿ ಎದ್ದು ಕೂರಬೇಕಾಗುತ್ತದೆ. ವೀಣೆಯವರಿಗೆ ಈ ಊರು ಬೇರೆಯೇ. ವೀಣೆ ಶೇಷಣ್ಣನವರ ಕಾಲದಿಂದ ಬಂದ ಮೈಸೂರು ಬಾನಿ (ನುಡಿಸುವ ಶೈಲಿ), ಆಮೇಲೆ ದೊರೆಸ್ವಾಮಿ ಅಯ್ಯಂಗಾರ್ ಅವರು ಅದನ್ನು ಬೆಳೆಸಿದ ರೀತಿ, ಇದನ್ನು ಕೇಳುತ್ತಾ ಬೆಳೆಯುವುದಕ್ಕೂ ಯೂಟ್ಯೂಬ್‌ನಲ್ಲಿ ಹುಡುಕಿ ಕೇಳುವುದಕ್ಕೂ ವ್ಯತ್ಯಾಸವಿದೆ. ದಸರಾ ಬಂದರೆ ಅರಮನೆ ಮುಂದಿನ ಕಛೇರಿಗಳು ಬಿಟ್ಟಿ.

ಕಷ್ಟ ಇರುವುದು ಕೋಲಾರ, ಚಿಕ್ಕಬಳ್ಳಾಪುರದವರಿಗೆ. ತುಮಕೂರಿನವರು ಕುಣಿಗಲ್ ಮೇಲೆ ಹೋಗಿಬಿಡಬಹುದು. ಕೋಲಾರ, ಚಿಕ್ಕಬಳ್ಳಾಪುರದವರು ಬೆಂಗಳೂರನ್ನು ದಾಟಿಯೇ ಹೋಗಬೇಕು. ಸೇರಿದ ಮೊದಲ ತಿಂಗಳು ಪ್ರತಿ ಶನಿವಾರ ಮನೆಗೆ ಓಡಿ ಬರುವ ಮಕ್ಕಳಿಗೆ ಅದೇ ದೊಡ್ಡ ನಷ್ಟ.

ಬೆಂಗಳೂರು

ಬೆಂಗಳೂರಿನಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ನಾನು ಮೊದಲು ಕೇಳುವುದು, ನೀವು ಬೆಂಗಳೂರಿನ ಯಾವ ಕಡೆಯಿಂದ ಒಳಗೆ ಬರ್ತೀರಿ ಅಂತ. ತುಮಕೂರಿನವರು ಗೊರಗುಂಟೆಪಾಳ್ಯದ ಕಡೆಯಿಂದ, ಕೋಲಾರದವರು ಕೆ.ಆರ್. ಪುರದಿಂದ, ಚಿಕ್ಕಬಳ್ಳಾಪುರದವರು ಹೆಬ್ಬಾಳದಿಂದ. ಕಾಲೇಜು ಇನ್ನೊಂದು ಮೂಲೆಯಲ್ಲಿದ್ದರೆ ಊರಿನಿಂದ ಬೆಂಗಳೂರಿಗೆ ಬಂದಷ್ಟೇ ಹೊತ್ತು ಬೆಂಗಳೂರಿನೊಳಗೂ ಬೇಕು.

ಸ್ನಾತಕೋತ್ತರ ಓದುವವರಿಗೆ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಿದೆ. ಮೆಟ್ರೋ ಬಂದ ಮೇಲೆ ಇಲ್ಲಿಗೆ ಓಡಾಟ ಸ್ವಲ್ಪ ಸುಲಭವಾಗಿದೆ. ಬಂಗಾರಪೇಟೆ, ಮಾಲೂರು ಕಡೆಯವರು ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಬಂದು ಇಳಿದರೆ ಪಕ್ಕದಲ್ಲೇ ಮೆಟ್ರೋದ ನೇರಳೆ ಮಾರ್ಗ. ಅದೇ ಮೆಟ್ರೋ ಜ್ಞಾನಭಾರತಿ ನಿಲ್ದಾಣಕ್ಕೂ ಹೋಗುತ್ತದೆ. ತುಮಕೂರು ರಸ್ತೆಯಲ್ಲಿ 2024ರ ನವೆಂಬರ್‌ನಿಂದ ಹಸಿರು ಮಾರ್ಗ ಮಾದಾವರದ ತನಕ ಬಂದಿದೆ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿಕೊಳ್ಳಬೇಕು. ಚಿಕ್ಕಬಳ್ಳಾಪುರದವರಿಗೆ ಯಲಹಂಕದ ಆಚೆ ಕಟ್ಟಿಗೇನಹಳ್ಳಿಯ ರೇವಾ ವಿಶ್ವವಿದ್ಯಾಲಯ ದಾರಿಗೆ ಹತ್ತಿರ. ಅಲ್ಲಿ ಪ್ರದರ್ಶಕ ಕಲೆಗಳ ವಿಭಾಗವಿದೆ. ಅದು ಖಾಸಗಿ, ಆದ್ದರಿಂದ ಪೂರ್ತಿ ಕೋರ್ಸಿನ ಫೀಸನ್ನು, ಒಂದು ವರ್ಷದ್ದಲ್ಲ, ಬರಹದಲ್ಲಿ ಕೇಳಿ ಪಡೆಯಿರಿ. ಯಾವ ಖಾಸಗಿ ಸಂಸ್ಥೆಗಾದರೂ ಇದೇ ಮಾತು. ಅದರ ಜೊತೆಗೆ ಇನ್ನೊಂದು ಪ್ರಶ್ನೆ: ಕೊನೆಗೆ ಕೊಡುವುದು ಯುಜಿಸಿ ಒಪ್ಪಿದ ವಿಶ್ವವಿದ್ಯಾಲಯದ ಪದವಿಯೋ, ಸಂಸ್ಥೆಯೇ ಅಚ್ಚು ಹಾಕಿಸಿದ ಡಿಪ್ಲೊಮಾವೋ? "ಸರ್ಟಿಫಿಕೇಟ್ ಕೊಡ್ತೀವಿ ಸಾರ್" ಅಂತ ಕೌಂಟರಿನಲ್ಲಿ ಹೇಳುವುದಕ್ಕೆ ಅರ್ಥವೇ ಇಲ್ಲ.

ಬೆಂಗಳೂರಿನ ನಿಜವಾದ ಆಸ್ತಿ ಕಾಲೇಜುಗಳಲ್ಲ, ಸಂಜೆಗಳು. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಛೇರಿಗಳನ್ನು ನಡೆಸಿಕೊಂಡು ಬಂದಿದೆ. ಗಾಯನ ಸಮಾಜ ಇದೆ, ಬಡಾವಣೆಗೊಂದು ಸಭೆ ಇದೆ. ಆದರೆ ದಿನಾ ಊರಿಗೆ ಮರಳುವ ವಿದ್ಯಾರ್ಥಿಗೆ ಇದು ಸಿಗುವುದೇ ಇಲ್ಲ. ತನಿ ಆವರ್ತನ (ಕಛೇರಿಯಲ್ಲಿ ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ಭಾಗ) ಶುರುವಾಗುವ ಹೊತ್ತಿಗೆ ಚಪ್ಪಲಿ ಹುಡುಕುತ್ತಾ ಬಸ್ಸಿಗೆ ಎದ್ದು ಹೋಗಬೇಕು. ಹಾಗಾಗಿ ಬೆಂಗಳೂರಿಗೆ ಸೇರುವುದಾದರೆ ಅಲ್ಲೇ ಇರಿ. ಪಿ.ಜಿ ಅಥವಾ ಹಾಸ್ಟೆಲ್ ಖರ್ಚು ಹೊಂದಿಸಲಾಗದಿದ್ದರೆ ಮೊದಲ ದಾರಿಯೇ ವಾಸಿ. ಬೆಂಗಳೂರಿನ ಕಾಲೇಜಿಗೆ ಸೇರಿ ತುಮಕೂರಿನಿಂದ ದಿನಾ ಓಡಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಧಾರವಾಡ, ಗದಗ, ಹುಬ್ಬಳ್ಳಿ

ಇದು ಹಿಂದೂಸ್ತಾನಿಯವರಿಗೆ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಇವರೆಲ್ಲ ಆ ಮಣ್ಣಿನವರು ಅಂದ ಮೇಲೆ ಬೇರೆ ವಿವರಣೆ ಬೇಡ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದ ಜಾಗ. ಕಣ್ಣು ಕಾಣದ ಮಕ್ಕಳಿಗೆ, ಬಡಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರೂ ಅಲ್ಲಿ ಸಿಗುತ್ತದೆ. ನಮ್ಮ ಕಡೆ ದೃಷ್ಟಿ ಇಲ್ಲದ, ಕಂಠ ಇರುವ ಮಗು ಇದ್ದರೆ ತಂದೆ ತಾಯಿ ಒಮ್ಮೆ ಗದಗಿಗೆ ಹೋಗಿ ನೋಡಿಕೊಂಡು ಬರಲೇಬೇಕು.

ಆದರೆ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವರು ಹಾಸ್ಟೆಲ್ ಸಿಗುತ್ತೆ ಅಂತ ಹಿಂದೂಸ್ತಾನಿಗೆ ಜಿಗಿಯಬಾರದು. ಕಂಠ ಒಂದೇ ಆದರೂ ಸ್ವರ ಆಡಿಸುವ ಗಮಕ ಬೇರೆ, ರಾಗ ಬೆಳೆಸುವ ಕ್ರಮ ಬೇರೆ. ಒಂದೆರಡು ವರ್ಷ ಕಲಿತದ್ದನ್ನು ಮರೆಯುವುದರಲ್ಲೇ ಹೋಗುತ್ತದೆ. ಮನಸ್ಸು ನಿಜವಾಗಿ ಹಿಂದೂಸ್ತಾನಿಯ ಖಯಾಲ್ ಗಾಯನದ ಕಡೆ ಎಳೆಯುತ್ತಿದ್ದರೆ ಮಾತು ಬೇರೆ. ಮುದ್ದೆ ತಿಂದು ಬೆಳೆದವರು ಜೋಳದ ರೊಟ್ಟಿಗೆ ಒಂದು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾರೆ, ಅದೇನು ದೊಡ್ಡ ವಿಷಯವಲ್ಲ.

ಪೂರ್ವದ ಕಡೆ: ತಿರುಪತಿ, ಚೆನ್ನೈ

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಈ ಮನೆಗಳಲ್ಲಿ ತೆಲುಗು ಸಲೀಸು. ಕರ್ನಾಟಕ ಸಂಗೀತದ ಕೃತಿಗಳಲ್ಲಿ ದೊಡ್ಡ ಪಾಲು ತೆಲುಗಿನದ್ದು. ತ್ಯಾಗರಾಜರ ಸಾಲು ಹಾಡುವಾಗ ಮೈಸೂರಿನ ಹುಡುಗಿ ಅರ್ಥ ಬರೆದುಕೊಂಡು ನೆನಪಿಟ್ಟುಕೊಳ್ಳಬೇಕು, ಮುಳಬಾಗಿಲಿನ ಹುಡುಗಿಗೆ ಅಜ್ಜಿ ಮಾತಾಡಿದ ಹಾಗೆ ಕೇಳುತ್ತದೆ. ನೆರವಲ್ ಮಾಡುವಾಗ ಪದ ಎಲ್ಲಿ ಮುರಿಯಬೇಕು ಅನ್ನುವುದು ತಾನಾಗಿ ಬರುತ್ತದೆ. ಹರಿದಾಸ ಸಾಹಿತ್ಯಕ್ಕೆ ಪಿತಾಮಹ ಅನ್ನಿಸಿಕೊಂಡ ಶ್ರೀಪಾದರಾಜರ ಊರೂ ಅದೇ ಮುಳಬಾಗಿಲು ಅಂದರೆ, ಎರಡು ಭಾಷೆಯ ಸಾಹಿತ್ಯವೂ ಮನೆ ಬಾಗಿಲಲ್ಲೇ ಇದೆ.

ತಿರುಪತಿಯಲ್ಲಿ ಟಿಟಿಡಿ ನಡೆಸುವ ಶ್ರೀ ವೆಂಕಟೇಶ್ವರ ಸಂಗೀತ ನೃತ್ಯ ಕಾಲೇಜಿದೆ. ನಾದಸ್ವರ, ಡೋಲು ಕಲಿಸುವ ಶಾಲೆಯೂ ಅಲ್ಲೇ ಇದೆ. ವಾಲಗದ ಮನೆತನದ ಮಕ್ಕಳಿಗೆ ಇದು ಬಹಳ ಒಳ್ಳೆಯ ಜಾಗ. ಮನೆಯಲ್ಲಿ ಕೈಗೆ ಬಂದ ವಿದ್ಯೆಗೆ ಪಾಠಕ್ರಮ ಸಿಗುತ್ತದೆ, ಕಾಗದವೂ ಸಿಗುತ್ತದೆ. ಚೆನ್ನೈಯಲ್ಲಿ ರುಕ್ಮಿಣೀದೇವಿ 1936ರಲ್ಲಿ ಶುರು ಮಾಡಿದ ಕಲಾಕ್ಷೇತ್ರವಿದೆ. ನಮ್ಮ ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಹೋಗಿ ಪಾಠ ಹೇಳಿದ್ದು ಅಲ್ಲೇ. ಡಿಸೆಂಬರ್ ಸೀಸನ್ ಅಂತೂ ಕೇಳುವವನಿಗೆ ಹಬ್ಬ. ಆದರೆ ಚೆನ್ನೈಯಲ್ಲಿ ಬದುಕುವ ಖರ್ಚು ಇದೆ. ಹೊರರಾಜ್ಯದ ಕಾಲೇಜಿಗೆ ನಮ್ಮ ರಾಜ್ಯದ ವಿದ್ಯಾರ್ಥಿವೇತನ ಅನ್ವಯಿಸುತ್ತದೆಯೋ ಇಲ್ಲವೋ ಸೇರುವ ಮೊದಲೇ ಕೇಳಿ. ಡಿಪ್ಲೊಮಾ ಮಾಡಿದರೆ ಇಲ್ಲಿನ ಎಂ.ಪಿ.ಎಗೆ ನಡೆಯುತ್ತದೆಯೇ ಅನ್ನುವುದನ್ನೂ ಕೇಳಿ.

ಕೀಬೋರ್ಡ್, ಗಿಟಾರ್, ಸ್ಟುಡಿಯೋ

ಇದು ನನ್ನ ಮನೆ ವಿದ್ಯೆಯಲ್ಲ, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಊರುಗಳ ಕೀಬೋರ್ಡ್ ಕ್ಲಾಸುಗಳಲ್ಲಿ ಎರಡು ಜಾತಿ. ಒಂದರಲ್ಲಿ ಸಿನಿಮಾ ಹಾಡಿನ ಸ್ವರ ಬರೆದುಕೊಟ್ಟು, ಮೆಷಿನ್ ತಾಳ ಹಾಕಿ ನುಡಿಸುತ್ತಾರೆ. ಇನ್ನೊಂದರಲ್ಲಿ ಸ್ಟಾಫ್ ನೊಟೇಷನ್ (ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ) ಓದಿಸಿ ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಸಂಸ್ಥೆಗಳ ಪರೀಕ್ಷೆಗೆ ತಯಾರು ಮಾಡುತ್ತಾರೆ. ಮುಂದೆ ಓದಬೇಕು ಅನ್ನುವವರಿಗೆ ಎರಡನೆಯದೇ. ಈ ಪರೀಕ್ಷೆಗಳು 1ರಿಂದ 8ನೇ ಗ್ರೇಡಿನ ತನಕ ಇವೆ. ಎಬಿಆರ್‌ಎಸ್‌ಎಂನಲ್ಲಿ 5ನೇ ಗ್ರೇಡ್ ಥಿಯರಿ ಪಾಸಾಗದೆ 6ನೇ ಗ್ರೇಡ್ ಪ್ರಾಕ್ಟಿಕಲ್‌ಗೆ ಬಿಡುವುದಿಲ್ಲ. ಎಷ್ಟೋ ಮಕ್ಕಳು ಇಲ್ಲೇ ನಿಂತುಬಿಡುತ್ತಾರೆ, ಯಾಕಂದರೆ ಥಿಯರಿ ಯಾರೂ ಮಾಡಿಸಿರುವುದಿಲ್ಲ. ಬೆಂಗಳೂರಿನಲ್ಲಿ 1987ರಿಂದ ಬ್ಯಾಂಗಳೂರ್ ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆ.ಎಂ. ಕನ್ಸರ್ವೇಟರಿ ಇದೆ. ಗ್ರೇಡ್ ಅಂದರೆ ಡಿಗ್ರಿ ಅಲ್ಲ ಅನ್ನುವುದು ಮಾತ್ರ ನೆನಪಿರಲಿ.

ಹಾಡುವುದಕ್ಕಿಂತ ಮೈಕ್, ಮಿಕ್ಸರ್ ಮೇಲೆ ಕಣ್ಣಿರುವ ಹುಡುಗರಿಗೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ಧ್ವನಿಗ್ರಹಣ ಡಿಪ್ಲೊಮಾ ಇದೆ. ತುಮಕೂರು ರಸ್ತೆಯವರಿಗೆ ಹತ್ತಿರವೂ ಹೌದು.

ಜನಪದದ ಕಡೆ ಒಲವಿದ್ದವರು ಅದನ್ನು ಕೀಳು ಅಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಓದಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ತಮಟೆಯ ಪೆಟ್ಟು ಕಲಿಯಬೇಕು ಅಂದರೆ ಅದನ್ನು ನುಡಿಸುವವರ ಊರಿಗೇ ಹೋಗಬೇಕು.

ಕ್ಲಾಸಿನಲ್ಲಿ ಕೂತು ನೋಡಿ

ಯಾವ ದಾರಿ ಆದರೂ ಅರ್ಜಿ ಹಾಕುವ ಮೊದಲು ಒಂದು ಕ್ಲಾಸಿನಲ್ಲಿ ಮೂಲೆಯಲ್ಲಿ ಸುಮ್ನೆ ಕೂರಲು ಬಿಡ್ತೀರಾ ಅಂತ ಕೇಳಿ. ಬಿಡದಿದ್ದರೆ ಅದೇ ಒಂದು ಉತ್ತರ. ಬಿಟ್ಟರೆ ಕಟ್ಟಡ ನೋಡಬೇಡಿ, ಮೇಷ್ಟ್ರು ಏನು ಮಾಡುತ್ತಾರೆ ನೋಡಿ.

ಉದಾಹರಣೆಗೆ ಹನ್ನೆರಡು ಮಕ್ಕಳು ಕೂತು ಒಂದು ವರ್ಣ ಹಾಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಶ್ರುತಿಪೆಟ್ಟಿಗೆ ಸದ್ದು ಮಕ್ಕಳಿಗೆ ಕೇಳಿಸುತ್ತಿದೆಯಾ, ಅಥವಾ ಯಾವುದೋ ಮೂಲೆಯಲ್ಲಿ ಫೋನಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತಿದೆಯಾ? ಮೇಷ್ಟ್ರು ಮೊದಲಿನಿಂದ ಕೊನೆಯವರೆಗೆ ಜೊತೆಗೇ ಜೋರಾಗಿ ಹಾಡಿದರೆ ಮಕ್ಕಳ ತಪ್ಪು ಅದರಡಿ ಮುಚ್ಚಿಹೋಗುತ್ತದೆ, ಕೇಳಲು ಮಾತ್ರ ಚೆಂದ. ಒಳ್ಳೆಯ ಮೇಷ್ಟ್ರು ತಾವು ನಿಲ್ಲಿಸುತ್ತಾರೆ. ಮೂರನೇ ಸಾಲಿನಲ್ಲಿ ಕೂತ ಹುಡುಗನನ್ನು ಒಬ್ಬನೇ ಹಾಡು ಅನ್ನುತ್ತಾರೆ. ಅವನ ಗಾಂಧಾರ ಒಂದು ಕೂದಲೆಳೆ ಏರಿದೆ. ಪೂರ್ತಿ ಚರಣ ಮತ್ತೆ ಹಾಡಿಸದೆ ಆ ನಾಲ್ಕು ಸ್ವರಗಳನ್ನಷ್ಟೇ ನಿಧಾನವಾಗಿ ಹಿಡಿಸಿ, ಸರಿಯಾದ ಮೇಲೆ ಸಾಲಿಗೆ ಸೇರಿಸುತ್ತಾರೆ. ಹತ್ತು ನಿಮಿಷ ಅದರಲ್ಲೇ ಹೋಯಿತು ಅಂತ ಗಡಿಬಿಡಿ ಮಾಡುವುದಿಲ್ಲ. ತಾಳ ಹಾಕುವ ಕೈಗಳನ್ನೂ ನೋಡಿ. ಹನ್ನೆರಡು ಕೈಯಲ್ಲಿ ಎಷ್ಟು ಕೈ ಪಕ್ಕದವರನ್ನು ನೋಡಿ ಬೀಳುತ್ತಿವೆ ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಹೊರಗೆ ಬಂದು ಎರಡನೇ, ಮೂರನೇ ವರ್ಷದ ಮಕ್ಕಳನ್ನು ಕೇಳಿ. "ವಾರಕ್ಕೆ ಒಬ್ಬೊಬ್ಬರೇ ಹಾಡುವ ಅವಕಾಶ ಎಷ್ಟು ಸಲ ಸಿಗುತ್ತೆ? ಮೃದಂಗದ ಜೊತೆ ಹಾಡಿದ್ದೀರಾ? ಪಾರ್ಟ್‌ಟೈಮ್ ಮೇಷ್ಟ್ರು ವರ್ಷದ ಮಧ್ಯ ಬಿಟ್ಟುಹೋದರಾ?" ಕೊನೆಯ ಪ್ರಶ್ನೆಯನ್ನು ಪ್ರಾಂಶುಪಾಲರ ಹತ್ತಿರ ಕೇಳಿದರೆ ಉತ್ತರ ಸಿಗುವುದಿಲ್ಲ.

ಪ್ರವೇಶ ಪರೀಕ್ಷೆ ಮತ್ತು ಅರ್ಜಿ

ಬಾಯಿಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ತಡವರಿಸುವವರು ಜಾಸ್ತಿ. "ನಿಮ್ಮ ಶ್ರುತಿ ಎಷ್ಟು?" ಅಂದರೆ ಫೋನ್ ತೆಗೆದು ಆ್ಯಪ್ ನೋಡುತ್ತಾರೆ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆಯೋ, ಐದು ಮನೆಯೋ, ನೀವು ಹಾಡುವ ಆಧಾರ ಸ್ವರವಾದ ಶ್ರುತಿ ನಿಮಗೆ ನಿದ್ದೆಯಲ್ಲೂ ಗೊತ್ತಿರಬೇಕು. ಆಮೇಲೆ ಒಂದು ವರ್ಣವನ್ನು ಎರಡು ಕಾಲದಲ್ಲಿ, ತಾಳ ಬಿಡದೆ ಹಾಡಿಸುವುದು ವಾಡಿಕೆ. ಮೂರು ದೊಡ್ಡ ಕೃತಿ ಅರೆಬರೆ ತಯಾರು ಮಾಡುವ ಬದಲು ಒಂದು ವರ್ಣ, ಒಂದು ಮಧ್ಯಮ ಗಾತ್ರದ ಕೃತಿ ಗಟ್ಟಿ ಮಾಡಿಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಿ "ಈ ರಾಗದ ಆರೋಹಣ ಅವರೋಹಣ ಹೇಳಿ, ಜನ್ಯವಾ ಮೇಳವಾ?" ಅನ್ನಬಹುದು. ನಿಲ್ಲಿಸಿದರು ಅಂದರೆ ಚೆನ್ನಾಗಿಲ್ಲ ಅಂತಲ್ಲ, ಹೊರಗೆ ಇನ್ನೂ ಜನ ಕಾದಿದ್ದಾರೆ ಅಂತ. ಟೀವಿ ಶೋ ನೋಡಿ ಕಲಿತ ಕೈಸನ್ನೆ, ಕಣ್ಣು ಮುಚ್ಚುವುದು ಬೇಡ.

ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಈಗ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ವಿದ್ಯಾರ್ಥಿವೇತನ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಆರ್‌ಡಿ ನಂಬರ್ ಕೇಳುತ್ತದೆ. ನಾಡಕಚೇರಿಗೆ ಪರೀಕ್ಷೆ ಮುಗಿದ ಕೂಡಲೇ ಹೋಗಿ, ರಿಸಲ್ಟ್ ಬಂದ ಮೇಲೆ ಅಲ್ಲಿ ಜಾತ್ರೆ. ಸಂಗೀತದ ಮಕ್ಕಳಿಗೇ ಬರುವ ತೊಂದರೆ ಒಂದಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಜೂನಿಯರ್ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಮನೆಯಲ್ಲಿ ಕರೆಯುವ ಹೆಸರು ಸೇರಿರುತ್ತದೆ. ಪಾಠದ ಮೇಷ್ಟ್ರು ಅರ್ಜಿ ತುಂಬಿದಾಗ ಆದದ್ದು. ಮುಂದಿನ ಪರೀಕ್ಷೆಗೆ ಕಟ್ಟುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಹಣದ ವಿಷಯಕ್ಕೆ ಕೇಂದ್ರದ ಎರಡು ಯೋಜನೆ ತಿಳಿದಿರಲಿ. ಸಿಸಿಆರ್‌ಟಿಯ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಪ್ರತಿಭಾ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ. ಪಿಯುಸಿ ಹೊತ್ತಿಗೆ ಇದರ ವಯಸ್ಸು ಮೀರಿರುತ್ತದೆ, ಮನೆಯಲ್ಲಿ ತಮ್ಮ ತಂಗಿ ಕಲಿಯುತ್ತಿದ್ದರೆ ಅವರಿಗೆ ಹಾಕಿಸಿ. ಇನ್ನೊಂದು ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ, 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಇದಕ್ಕೆ ಕಾಲೇಜೇ ಬೇಕು ಅಂತಿಲ್ಲ, ಗುರುವಿನ ಹತ್ತಿರ ಕಲಿಯುತ್ತಿದ್ದರೂ ನಡೆಯುತ್ತದೆ. ಊರಲ್ಲೇ ಡಿಗ್ರಿ ಮಾಡುತ್ತಾ ಬೆಂಗಳೂರಿಗೆ ಪಾಠಕ್ಕೆ ಹೋಗುವವರಿಗೆ ಬಸ್ಸು, ಗುರುದಕ್ಷಿಣೆ, ತಂತಿ, ಬಾರಿಸುವ ಚರ್ಮ ಎಲ್ಲದಕ್ಕೂ ಆಗುತ್ತದೆ. ಆಯ್ಕೆ ಹಾಡಿಸಿ ನೋಡಿಯೇ ಆಗುವುದು.

ಹಾಸ್ಟೆಲ್ಲಿಗೆ ಸೇರುವ ಮೊದಲು ವಾರ್ಡನ್ ಹತ್ತಿರ ಬೆಳಗ್ಗೆ ಐದು ಗಂಟೆಗೆ ಸಾಧಕ ಮಾಡಲು ಜಾಗ ಇದೆಯಾ ಅಂತ ನೇರವಾಗಿ ಕೇಳಿ. ಎಲ್ಲ ಕೋರ್ಸಿನವರು ಇರುವ ಹಾಸ್ಟೆಲ್ಲಿನಲ್ಲಿ ಪಕ್ಕದವರು ಗಲಾಟೆ ಮಾಡುತ್ತಾರೆ. ಮೃದಂಗದವರಿಗಂತೂ ಮೊದಲ ವಾರವೇ ಜಗಳ. ಕಾಲೇಜಿನ ಕ್ಲಾಸ್‌ರೂಮು ಬೆಳಗ್ಗೆ ತೆಗೆಸಿಕೊಡುತ್ತಾರೆ ಅಂದರೆ ಬೀಗದ ಕೈ ಯಾರ ಹತ್ತಿರ ಇರುತ್ತೆ, ಭಾನುವಾರವೂ ತೆಗೆಯುತ್ತಾರಾ ಅಂತಲೂ ಕೇಳಿ.

ಎರಡು ಕಡೆ ಅರ್ಜಿ ಹಾಕಿ, ಜೊತೆಗೆ ಊರಿನ ಕಾಲೇಜಿನಲ್ಲೂ ಒಂದು ಸೀಟು ಇಟ್ಟುಕೊಳ್ಳಿ. ಪಿಯು ಕಾಲೇಜಿನ ಮೂಲ ಟಿಸಿ ಒಂದೇ ಇರುತ್ತದೆ. ಅದನ್ನು ಮೊದಲು ಕರೆದವರಿಗೆ ಕೊಟ್ಟುಬಿಟ್ಟರೆ ಇನ್ನೊಂದು ಕಡೆಯ ಆಯ್ಕೆ ಪಟ್ಟಿ ಬಂದಾಗ ವಾಪಸ್ ತರಲು ಅಲೆಯಬೇಕಾಗುತ್ತದೆ. ಜೆರಾಕ್ಸ್ ಕೊಟ್ಟು ಮೂಲ ದಾಖಲೆಗೆ ಎಷ್ಟು ದಿನ ಸಮಯ ಕೊಡ್ತೀರಿ, ಬಿಟ್ಟರೆ ಫೀಸು ಎಷ್ಟು ವಾಪಸ್ ಅಂತ ಕೌಂಟರಿನಲ್ಲೇ ಕೇಳಿ, ಬರೆಸಿಕೊಂಡು ಬನ್ನಿ.